ಸಾಲಿ ಬಿಡಿಸಿದ ಮ್ಯಾಲ ದಿನಾ ಹೆಂಗ ಸಾಗಸ್ತೀವಿ

ಜೂನ್ ಬಂತಂದ್ರ ನನ್ನ ಫೋನಿಗೆ ಒಂದೇ ನಮೂನಿ ಮೆಸೇಜ್ ಬರಾಕ ಶುರು ಆಗ್ತಾವ. "ಅಕ್ಕಾರ, ನಾವೂ ಮಕ್ಕಳ್ನ ಮನ್ಯಾಗ ಓದಿಸ್ಬೇಕಂತ ಮಾಡೀವಿ, ಸರ್ಟಿಫಿಕೇಟ್ ಹೆಂಗ್ರಿ?" ಗಂಗಾವತಿಯವರು ಕೇಳ್ತಾರ, ಸಿಂಧನೂರವರು ಕೇಳ್ತಾರ, ಈ ಸಲ ಹೊಸಪೇಟಿಯಿಂದನೂ ಬಂದಾವ. ಎಲ್ಲಾರಿಗೂ ಬ್ಯಾರೆ ಬ್ಯಾರೆ ಬರಿಯೋದರ ಬದ್ಲಿ ಇಲ್ಲೇ ಬರದ ಬಿಡ್ತೀನಿ. ಸರ್ಟಿಫಿಕೇಟಿನ ಮಾತು ಮೊದ್ಲ ಮುಗಸ್ತೀನಿ, ಯಾಕಂದ್ರ ಅದಕ ದಾರಿ ಐತ್ರಿ, ಜನಾ ಬ್ಯಾಸತ್ತು ಕೈ ಬಿಡೋದು ದಿನದ ಗದ್ದಲಕ್ಕ.

ಎನ್‌ಐಒಎಸ್ ಅಂತ ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ ಐತಿ, 1989ರಾಗ ಶುರು ಆಗಿದ್ದು. 14 ವರ್ಷ ತುಂಬಿದ್ರ ಹತ್ತನೇತ್ತಕ್ಕ ಅಲ್ಲಿ ಹೆಸರು ಹಚ್ಚಬಹುದು. ಐದು ವಿಷಯ ತಗೋಬೇಕು, ಅದರಾಗ ಒಂದು ಭಾಷೆ ಇರಲೇಬೇಕು, ಭಾಷೆಗೆ ಕನ್ನಡನೂ ಐತಿ. ಪರೀಕ್ಷೆ ವರ್ಷಕ್ಕ ಎರಡ ಸಲ ನಡೀತಾವ, ಒಮ್ಮೆ ಹಚ್ಚಿದ ಹೆಸರು ಐದ ವರ್ಷ ಇರ್ತೈತಿ, ಹಂಗಾಗಿ ಎಲ್ಲಾ ಒಮ್ಮೆಲೆ ಬರೀಬೇಕಂತಿಲ್ಲ, ಈ ಸಲ ಎರಡು ಮುಂದಿನ ಸಲ ಮೂರು ಅಂತ ಬರಕೋಂತ ಹೋಗಬಹುದು. ಪಾಸಾಗಾಕ ನೂರಕ್ಕ 33 ಮಾರ್ಕ್ಸ್ ಬೇಕು. ಸಣ್ಣವರಿಗೂ ಅವರಲ್ಲೇ ಎ, ಬಿ, ಸಿ ಅಂತ ಮೂರು ಹಂತ ಅದಾವ, ಅವು ಮೂರನೇತ್ತ, ಐದನೇತ್ತ, ಎಂಟನೇತ್ತಕ್ಕ ಸಮ. ಇಲ್ಲಂದ್ರ ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿನೇ ಖಾಸಗಿ ಅಭ್ಯರ್ಥಿ ಆಗಿ ಬರೀಬಹುದು. ಯಾವುದರ ಹಿಡೀರಿ, ಆದ್ರ ಮುಂದ ಪಿಯುಸಿ ಎಲ್ಲಿ ಓದಸ್ತೀರಿ ಆ ಕಾಲೇಜಿನ ಆಫೀಸಿನಾಗ ಒಂದ ವರ್ಷ ಮೊದ್ಲ ಹೋಗಿ ಕೇಳ್ಕೊಂಡು ಬರ್ರಿ, ಕಡೇ ಗಳಿಗ್ಯಾಗ ಓಡ್ಯಾಡಬ್ಯಾಡ್ರಿ.

ಇನ್ನ ಕಾಯ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಮನ್ಯಾಗ ಓದಿಸ್ರಿ ಅಂತನೂ ಅದು ಹೇಳಂಗಿಲ್ಲ, ಓದಿಸಬ್ಯಾಡ್ರಿ ಅಂತನೂ ಬಿಡಿಸಿ ಹೇಳಂಗಿಲ್ಲ. ಆದ್ರ ಅದರಾಗ ಒಂದ ಮಾತು ಐತಿ, ಅದು ನಮ್ಮಂಥೋರಿಗೆ ದೊಡ್ಡ ಧೈರ್ಯ: ಸಾಲಿ ಬಿಟ್ಟ ಮಗು ವಾಪಸ್ ಬಂದ್ರ ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸ್ಕೋಬೇಕು, ಟಿಸಿ ಇಲ್ಲಂತ ಸರ್ಕಾರಿ ಸಾಲಿಯವರು ಬಾಗಲಾ ಹಾಕಂಗಿಲ್ಲ. ಮನ್ಯಾಗ ಹೊಂದಲಿಲ್ಲ ಅಂದ್ರ ಮಗೂನ ಬದುಕು ಹಾಳಾಗೋದಿಲ್ಲ, ತಿಳಿತಿಲ್ರಿ?

ಸಾಲಿ ಬಿಟ್ಟ ಮಕ್ಕಳ ಸರ್ವೆಗೆ ಅಂತ ಸಿಆರ್‌ಪಿ ಸರ್ (ಸುತ್ತಲಿನ ಸಾಲಿಗಳ್ನ ನೋಡ್ಕೊಳ್ಳೋ ಶಿಕ್ಷಣ ಇಲಾಖೆಯವರು) ಇಲ್ಲಾ ಟೀಚರು ಮನಿ ತನ ಬರ್ತಾರ. ಅವರ ಜೋಡಿ ವಾದಕ್ಕ ಇಳಿಬ್ಯಾಡ್ರಿ, ಅವರು ತಮ್ಮ ಕೆಲಸಾ ಮಾಡಾಕ ಬಂದಿರ್ತಾರ, ಕುಂಡ್ರಿಸಿ ಚಾ ಕೊಟ್ಟು ಫೈಲ್ ತೋರಸ್ರಿ. ಮಗೂಗೊಂದು ಬಾಕ್ಸ್ ಫೈಲ್. ಜನನ ಪ್ರಮಾಣಪತ್ರ, ಆಧಾರ್ ಝೆರಾಕ್ಸ್, ಹಳೇ ಸಾಲಿ ಮಾರ್ಕ್ಸ್ ಕಾರ್ಡು, ಆಮ್ಯಾಲ ತಿಂಗಳಿಗೊಂದು ಹಾಳಿ: ಈ ತಿಂಗಳು ಏನ್ ಓದಿದ್ರು, ಲೆಕ್ಕದಾಗ ಎಲ್ಲಿಗೆ ಬಂತು, ಎಲ್ಲಿ ಹೋಗಿದ್ವಿ. ಅದರ ಹಿಂದ ಮಗೂ ಬರದದ್ದು ನಾಕೈದು ಹಾಳಿ, ತಾರೀಖ ಹಾಕಿ. ಮಗೂ ಏನ್ ಕಲೀಲಿಕ್ಹತ್ತೈತಿ ಅನ್ನೋದು ಆ ಹಾಳಿ ತಿರುವಿದ್ರ ಯಾರಿಗರ ಗೊತ್ತಾಗ್ತೈತಿ.

ಈಗ ದಿನದ ಮಾತು. ಹೊಸಬರು ಎಲ್ಲಾರೂ ಮೊದ್ಲ ಮಾಡೋ ಕೆಲಸ ಅಂದ್ರ ಗೋಡೆಗೆ ಟೈಮ್‌ಟೇಬಲ್ ಹಚ್ಚೋದು, ಹತ್ತಕ್ಕ ಕನ್ನಡ ಹನ್ನೊಂದಕ್ಕ ಇಂಗ್ಲಿಷ್ ಎರಡಕ್ಕ ವಿಜ್ಞಾನ. ನಮ್ಮ ಕೊಪ್ಪಳದ ಬಿಸಲಾಗ ಎರಡಕ್ಕ ಯಾ ವಿಜ್ಞಾನಾನೂ ತಲಿಗೆ ಹೋಗೋದಿಲ್ರಿ, ಅದೂ ಕರೆಂಟ್ ಹೋಗಿದ್ರಂತೂ ಮುಗೀತು. ನಮ್ಮನ್ಯಾಗ ಕುಂತು ಓದೋದು ಮುಂಜಾನೆ ಆರೂವರಿಯಿಂದ ಒಂಬತ್ತು, ಅಷ್ಟೇ. ಸಾಲ್ತೈತೇನ್ರಿ ಅಂತೀರಿ. ಸಾಲ್ತೈತಿ. ನಲವತ್ತು ಮಕ್ಕಳಿರೋ ಕ್ಲಾಸಿನಾಗ ಹಾಜರಿ, ಗದ್ದಲ, ಬರ್ಕೊಳ್ಳೋದು ಎಲ್ಲಾ ತಗದ್ರ ಒಂದೊಂದು ಮಗೂಗೆ ಸಿಗೋದು ಎಷ್ಟು ಹೊತ್ತು ಹೇಳ್ರಿ. ಇಲ್ಲಿ ನಾನು ದೊಡ್ಡಾಕಿ ಬಾಜೂಕ ಕುಂತು ಅರ್ಧ ತಾಸು ಲೆಕ್ಕ ಮಾಡಿಸಿದೆ ಅಂದ್ರ ಆಕಿ ಎಲ್ಲಿ ಎಡವಿದ್ಲು ಅನ್ನೋದು ಅಲ್ಲೇ ಕಾಣ್ತೈತಿ. ಆ ಹೊತ್ತಿನ್ಯಾಗ ಸಣ್ಣಾಂವ ಕಾಪಿ ಬರೀತಾನ, ಆಮ್ಯಾಲ ಅದಲು ಬದಲು. ನಾ ರೊಟ್ಟಿ ಬಡಿಯೋ ಹೊತ್ತಿಗೆ ದೊಡ್ಡಾಕಿ ಸಣ್ಣಾಂವಗ ಜೋರಾಗಿ ಓದಿ ಹೇಳ್ತಾಳ, ತಪ್ಪು ಓದಿದ್ರ ನಾ ಒಲಿ ಮುಂದ ಕುಂತೇ ತಿದ್ದತೀನಿ. ಜೋರಾಗಿ ಓದೋದು ಮಾತ್ರ ಒಂದ ದಿನಾನೂ ತಪ್ಪಿಸಬ್ಯಾಡ್ರಿ, ಹಬ್ಬಕ್ಕೂ.

ಪುಸ್ತಕಕ್ಕ ರೊಕ್ಕ ಸುರೀಬ್ಯಾಡ್ರಿ. ರಾಜ್ಯದ ಪಠ್ಯಪುಸ್ತಕ ಎಲ್ಲಾ ಸರ್ಕಾರದ ವೆಬ್‌ಸೈಟಿನಾಗ ಪುಕ್ಕಟ ಪಿಡಿಎಫ್ ಅದಾವ, ಬೇಕಾದ ಪಾಠ ಅಷ್ಟ ಝೆರಾಕ್ಸ್ ಅಂಗಡ್ಯಾಗ ತಗಸ್ರಿ. ಲೆಕ್ಕ ಒಂದನ್ನ ಪುಸ್ತಕದ ಸಾಲು ಹಿಡಿದೇ ಮಾಡಿಸ್ರಿ, ಭಿನ್ನರಾಶಿ ಜಿಗಿದು ಶೇಕಡಾಕ್ಕ ಹೋದ್ರ ಮುಂದ ಅಳೋದು ಮಗುನೇ. ಉಳಿದ ವಿಷಯ ಹಿಂದ ಮುಂದ ಆದ್ರೂ ನಡೀತೈತಿ.

ಒಂಬತ್ತರ ಮ್ಯಾಲ ಏನ್ ಮಾಡ್ತಾರ ಅಂದ್ರ, ಇಲ್ಲೇ ನೋಡ್ರಿ ನಮ್ಮ ಜಿಲ್ಲಾದ ಸುಖ. ಮಳಿಗಾಲ ಬಂತಂದ್ರ ಪೇಪರಿನಾಗ ದಿನಾ ತುಂಗಭದ್ರಾ ಡ್ಯಾಮಿನ ಲೆಕ್ಕ ಬರ್ತೈತಿ, ಒಳಹರಿವು ಇಷ್ಟು, ಹೊರಹರಿವು ಇಷ್ಟು, ಸಂಗ್ರಹ ಇಷ್ಟು ಟಿಎಂಸಿ. ದೊಡ್ಡಾಕಿ ಗ್ರಾಫ್ ಹಾಳಿಮ್ಯಾಲ ಅದನ್ನ ದಿನಾ ಚುಕ್ಕಿ ಇಡ್ತಾಳ. ಕ್ಯೂಸೆಕ್ಕಿಗೂ ಟಿಎಂಸಿಗೂ ಏನ್ ಸಂಬಂಧ ಅಂತ ಕೇಳಿದ್ಲು, ನಾ ಉತ್ತರ ಹೇಳಲಿಲ್ಲ, ಒಂದು ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ, ಒಂದು ಕ್ಯೂಸೆಕ್ ಅಂದ್ರ ಸೆಕೆಂಡಿಗೆ ಒಂದು ಘನ ಅಡಿ, ಇಷ್ಟ ಹೇಳಿ ಬಿಟ್ಟೆ. ಒಂದ ದಿನಕ್ಕ ಎಷ್ಟು ಸೆಕೆಂಡು ಅಂತ ಮೊದ್ಲ ಗುಣಿಸಿದ್ಲು, 86,400 ಬಂತು, ಆಮ್ಯಾಲ ಭಾಗಿಸಿ 11,574 ತಗದ್ಲು. ಅಂದ್ರ ಅಷ್ಟು ಕ್ಯೂಸೆಕ್ ನೀರು ಇಡೀ ದಿನ ಒಂದೇ ಸಮ ಹರದ್ರ ಒಂದು ಟಿಎಂಸಿ. ಈಗ ಪೇಪರ್ ಓದಿದ ಕೂಡ್ಲೆ ನಾಳೆ ಎಷ್ಟು ಏರ್ತೈತಿ ಅಂತ ಆಕಿನೇ ಹೇಳ್ತಾಳ, ಮರುದಿನ ತಾಳೆ ನೋಡ್ತಾಳ. 2024ರ ಆಗಸ್ಟಿನಾಗ 19ನೇ ಗೇಟಿನ ಚೈನ್ ಕಡಿದು ಗೇಟ್ ಕೊಚ್ಚಿ ಹೋದಾಗ ಆಕಿ ಗ್ರಾಫಿನ ಗೆರಿ ದಿಢೀರ್ ಕೆಳಗ ಬಿತ್ತು. ಕಾರಟಗ್ಯಾಗ ನಮ್ಮ ಮಾವನ ಭತ್ತದ ಗದ್ದಿ ಐತಿ, ಎಡದಂಡೆ ಕಾಲುವಿ ನೀರ ಅದಕ ಆಸರ, ಅವರು ಫೋನಿನಾಗ ಎರಡನೇ ಬೆಳಿ ಏನ್ ಗತಿ ಅನ್ನೋದನ್ನ ಕೇಳಿ ಆಕಿಗೆ ಆ ಗೆರಿ ಬರೇ ಗೆರಿ ಅಲ್ಲಂತ ತಿಳೀತು. ಭೂಗೋಳ, ಒಕ್ಕಲುತನ, ಗಣಿತ ಎಲ್ಲಾ ಅದರಾಗ ಬಂತು, ನಾ ಬ್ಯಾರೆ ಪಾಠ ಮಾಡಲಿಲ್ಲ.

ಸಣ್ಣಾಂವಗ ಕೈಕೆಲಸ ಅಂದ್ರ ಜೀವ. ಕಿನ್ನಾಳಕ್ಕ ಕರ್ಕೊಂಡು ಹೋಗಿದ್ವಿ, ಅಲ್ಲಿ ಚಿತ್ರಗಾರರು ಹಗುರ ಕಟ್ಟಿಗ್ಯಾಗ ಗೊಂಬಿ ಕೆತ್ತಿ, ತುಂಡು ತುಂಡು ಜೋಡಸಾಕ ಹುಣಸಿ ಬೀಜದ ಅಂಟು ಹಚ್ತಾರ. ಅಂವ ಅಂಟಿನ ಗಡಿಗಿ ಮುಂದಿಂದ ಏಳಲಿಲ್ಲ. ಮನಿಗೆ ಬಂದು ಅಜ್ಜಿ ಕಡೆ ಹುಣಸಿ ಬೀಜ ಇಸ್ಕೊಂಡು ಹುರಿದು, ಸಿಪ್ಪಿ ಬಿಡಿಸಿ, ನೆನಿಹಾಕಿ, ರುಬ್ಬಿ, ಕುದಿಸಿದ್ವಿ. ಮೊದ್ಲ ನೀರ ನೀರ ಆತು, ಎರಡನೇ ಸಲ ನೀರು ಅಳದು ಹಾಕಿ ಬರ್ಕೊಂಡ, ಅಂಟು ಗಟ್ಟಿ ಆತು. ಮುರುದ ಬಂಡಿ ಗಾಲಿ ಅದರಲೇ ಹಚ್ಚ್ಯಾನ, ಇನ್ನೂ ಬಿದ್ದಿಲ್ಲ. ಪಾಲ್ಕಿಗುಂಡಿಗೆ ಹೋದಾಗ ಇಬ್ಬರೂ ಅಶೋಕನ ಶಾಸನದ ಅಕ್ಷರ ನೋಟ್‌ಬುಕ್ಕಿನಾಗ ತಿದ್ದ್ಯಾರ, ಆ ಬ್ರಾಹ್ಮಿ ಲಿಪಿಯ ಕ ಅನ್ನೋದು ಕೂಡಿಸೋ ಚಿಹ್ನೆ ಇದ್ದಂಗ, ಠ ಒಂದು ಪೂರಾ ಸುತ್ತು. ಈಗ ಅವರಿಬ್ಬರೂ ಗುಟ್ಟಿನ ಚೀಟಿ ಅದರಾಗೇ ಬರೀತಾರ, ನಂಗ ಓದಾಕ ಬರಂಗಿಲ್ಲ!

ಮಧ್ಯಾಹ್ನ ಊಟಾದ ಮ್ಯಾಲ ಎರಡರಿಂದ ನಾಕು ನಮ್ಮನ್ಯಾಗ ಯಾರೂ ಯಾರ್ನೂ ಕರಿಯಂಗಿಲ್ಲ. ಮಲಗೋರು ಮಲಗ್ತಾರ, ಓದೋರು ಓದ್ತಾರ. ತಾಯಂದ್ರಿಗೆ ಇದು ಬೇಕೇ ಬೇಕ್ರಿ, ಇದನ್ನ ನಾಚಿಕಿ ಬಿಟ್ಟು ಮನಿಯವರಿಗೆಲ್ಲಾ ಹೇಳ್ರಿ. ಸಂಜಿ ಪಾಠ ಅವರ ಅಪ್ಪಂದು, ಅಂಗಡಿಯಿಂದ ಬಂದು ವಿಜ್ಞಾನ ಅವರೇ ಹೇಳಿಕೊಡ್ತಾರ, ಒಬ್ಬಾಕಿನೇ ಎಲ್ಲಾ ಹೊತ್ಕೊಂಡ್ರ ಬಾಳ ದಿನಾ ನಡಿಯಂಗಿಲ್ಲ.

ಗೆಳ್ಯಾರು ಹೆಂಗ ಅಂತ ಎಲ್ಲಾರೂ ಕೇಳ್ತಾರ. ಓಣಿ ಹುಡುಗರು ಸಾಲಿ ಬಿಟ್ಟು ಬರೋ ಹೊತ್ತಿಗೆ ನಮ್ಮವರು ಚಪ್ಪಲಿ ಮೆಟ್ಟಿ ನಿಂತಿರ್ತಾರ, ದೀಪಾ ಹಚ್ಚೋ ತನ ಒಳಗ ಬರಂಗಿಲ್ಲ. ಆದ್ರ ತಮ್ಮಂಗೇ ಮನ್ಯಾಗ ಓದೋ ಮಕ್ಕಳ ಜೋಡಿ ಕೂಡೋದೂ ಬೇಕು, ಅದು ನಮ್ಮ ಕಡೆ ಕಡಿಮಿ, ನಾವ ಮಾಡ್ಕೋಬೇಕು.

ಅದಕ ಮಳಿಗಾಲ ಮುಗಿದ ಮ್ಯಾಲ ಹಿರೇಬೆಣಕಲ್ಲಿನ ಮೋರೇರ ಗುಡ್ಡಕ್ಕ ಹೋಗೋದಂತ ಮಾಡೀವಿ. ಸಾವಿರಾರು ವರ್ಷದ ಹಿಂದಿನ ಕಲ್ಲಿನ ಮನಿ ನೂರಾರು ಅದಾವ ಅಲ್ಲಿ, ಬಡದ್ರ ನಗಾರಿ ಹಂಗ ಸಪ್ಪಳಾ ಬರೋ ಒಂದು ಬಂಡೆಗಲ್ಲೂ ಐತಿ. ಮಕ್ಕಳು ಟೇಪ್ ಹಿಡದು ಒಂದೊಂದು ಕಲ್ಲಿನ ಮನಿ ಅಳೀಬೇಕು, ನಕಾಶಿ ತಗೀಬೇಕು. ಬರೋರು ಮೆಸೇಜ್ ಹಾಕ್ರಿ, ಮಕ್ಕಳ ವಯಸ್ಸು ಬರೀರಿ. ಬುತ್ತಿ ಕಟ್ಕೊಂಡು ಬರ್ರಿ, ನೀರು ತಲಿಗೆ ಎರಡು ಬಾಟ್ಲಿ ಇರಲಿ, ಹತ್ತೋ ದಾರಿ ಕಲ್ಲಿಂದು, ಮ್ಯಾಲ ಅಂಗಡಿ ಇಲ್ಲ ನೆರಳೂ ಕಡಿಮಿ. ಚಪ್ಪಲಿ ಬ್ಯಾಡ, ಬೂಟ್ ಹಾಕಸ್ರಿ.