ಹೊಲದ ಹೆಸರು ಹಿಡಿದು ಖಾಸ್ರಾ ಪಹಣಿಯವರೆಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ಹೊಲ ಕೊಳ್ಳುವವರು ಇ.ಸಿ. (ಋಣಭಾರ ಪತ್ರ) ತೆಗೆಸಿದರೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಇ.ಸಿ.ಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಮನೆಯೊಳಗೇ ಆದ ಪಾಲು, ಪೌತಿ (ಮಾಲೀಕ ಸತ್ತ ಮೇಲೆ ವಾರಸುದಾರರಿಗೆ ಬಂದ ಹಕ್ಕು), ಭೂ ನ್ಯಾಯಮಂಡಳಿಯ ಆದೇಶ ಇವೆಲ್ಲ ಕಂದಾಯ ದಾಖಲೆಯಲ್ಲೇ ಸಿಗಬೇಕು.

ಇವತ್ತಿನ ಪಹಣಿಯಿಂದ ಹಿಂದಕ್ಕೆ ನಡೆಯಿರಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಎಂ.ಆರ್. (ಹಕ್ಕು ಬದಲಾವಣೆಯ ವಹಿ, ಮ್ಯುಟೇಶನ್) ಸಂಖ್ಯೆ. ಆ ಎಂ.ಆರ್. ನಕಲು ತೆಗೆಸಿದರೆ ಹಕ್ಕು ಯಾರಿಂದ, ಯಾವ ಆಧಾರದ ಮೇಲೆ ಬಂತೆಂದು ಗೊತ್ತಾಗುತ್ತದೆ. ಹಿಂದಿನವರ ಹೆಸರು ಹಿಡಿದು ಕೈಬರಹದ ಪಹಣಿ, ಮತ್ತೆ ಅದರ ಹಿಂದಿನ ಎಂ.ಆರ್., ಹೀಗೆ 1954-55ರ ಖಾಸ್ರಾ ಪಹಣಿಯವರೆಗೆ (ಆಗ ಹೊಲವಾರು ಬರೆದ ಮೂಲ ಪಹಣಿ). ನಮ್ಮ ಭಾಗದ ಖಟ್ಲೆಗಳಲ್ಲಿ ವಕೀಲರು ಮೊದಲು ಕೇಳುವ ಕಾಗದ ಅದೇ. ಅಲ್ಲಿ ಪಟ್ಟೇದಾರ (ದಾಖಲೆಯ ಮಾಲೀಕ) ಒಬ್ಬ, ಕಬ್ಜೇದಾರ (ಹೊಲ ಸ್ವಾಧೀನದಲ್ಲಿದ್ದವನು) ಇನ್ನೊಬ್ಬ ಇದ್ದರೆ ಅಲ್ಲಿಯೇ ನಿಲ್ಲಿ. ಕಬ್ಜೇದಾರ ಕೌಲುದಾರ (ಗೇಣಿದಾರ) ಆಗಿದ್ದು ಮುಂದೆ ಭೂ ನ್ಯಾಯಮಂಡಳಿಗೆ 7ನೇ ನಮೂನೆ (ಗೇಣಿ ಹೊಲದ ಹಕ್ಕು ಕೋರುವ ಅರ್ಜಿ) ಹಾಕಿದ್ದನೇ, 10ನೇ ನಮೂನೆ (ಆ ಹಕ್ಕಿನ ಪ್ರಮಾಣಪತ್ರ) ಬಂತೇ ನೋಡಿ. ಹಾಗೆ ಬಂದ ಜಮೀನನ್ನು 15 ವರ್ಷದೊಳಗೆ ಮಾರಿದ್ದರೆ ಕೊಂಡವನ ಕ್ರಯಪತ್ರವೇ ಅಲುಗಾಡುತ್ತದೆ. ಇನಾಮು ಜಮೀನಾದರೆ 1955ರ ಹೈದರಾಬಾದ್ ಇನಾಮು ರದ್ದತಿ ಕಾಯಿದೆಯಡಿ ಆದೇಶ ಯಾರ ಹೆಸರಿಗಾಯಿತು ಅನ್ನುವುದೂ ಬೇಕು.

ಅದಕ್ಕೂ ಹಿಂದಿನ ಸೇತ್ವಾರ್ (ಸರ್ವೆ ನಂಬರುವಾರು ಹೊಲದ ಪಟ್ಟಿ), ಬೈನಾಮಾಗಳು (ಕ್ರಯಪತ್ರಗಳು) ಉರ್ದುವಿನಲ್ಲಿವೆ. ಇಲ್ಲಿ ಹೆಚ್ಚು ಜನ ಮುಗ್ಗರಿಸುವುದು ತಾರೀಖಿನಲ್ಲಿ. ನಿಜಾಮರ ಕಚೇರಿಯ ವರ್ಷ ಫಸಲಿ. ಅದು ಅಕ್ಟೋಬರ್ ಮೊದಲ ವಾರ, ಆಜೂರ್ ತಿಂಗಳಿಗೆ ಶುರು. ಇಸವಿ ತಿಳಿಯಲು ಫಸಲಿ ವರ್ಷಕ್ಕೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಾರೀಖಾದರೆ 590, ಜನವರಿ ನಂತರದ್ದಾದರೆ 591 ಕೂಡಿಸಿ. 1948ರ ಸೆಪ್ಟೆಂಬರ್ ಪೊಲೀಸ್ ಕಾರ್ಯಾಚರಣೆ ನಡೆದದ್ದು ಫಸಲಿ 1357ರಲ್ಲಿ. ಅದೇ 1357ನ್ನು ಹಿಜರಿ ಎಂದು ಓದಿದರೆ 1938ಕ್ಕೆ ಹೋಗಿ ಕೂಡುತ್ತೀರಿ! ಹತ್ತು ವರ್ಷದ ಆ ಅಂತರದಲ್ಲಿ ಮಾರಿದವನು ಬದಲಾಗಿರಬಹುದು, ಪತ್ರವೇ ಖೊಟ್ಟಿ ಅನ್ನಿಸಲೂಬಹುದು. ಉರ್ದು ಬಲ್ಲವರು ಮಾತ್ರ ಸಾಲದು, ಹಳೆಯ ಶಿಕಸ್ತಾ (ಅವಸರದ ಕೂಡು) ಬರಹ ಓದಿ ರೂಢಿಯಿರುವವರೇ ಬೇಕು.

ಹೆಸರು ಕೂಡಿದರೂ ವಿಸ್ತೀರ್ಣ ಕೂಡದಿರಬಹುದು. ಹಿಸ್ಸಾಗಳನ್ನೆಲ್ಲ (ಸರ್ವೆ ನಂಬರಿನ ಪಾಲುಗಳು) ಕೂಡಿಸಿ ಆಕಾರಬಂದಿನ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ) ಒಟ್ಟಿಗೆ ಹೋಲಿಸಿ. 40 ಗುಂಟೆಗೆ ಎಕರೆ, 16 ಆಣೆಗೆ ಗುಂಟೆ. ವ್ಯತ್ಯಾಸ ಬಂದರೆ ಮೊದಲು ಖರಾಬು (ಸಾಗುವಳಿಗೆ ಬಾರದ ಜಾಗ) ಕಳೆದಿದ್ದಾರೋ ಇಲ್ಲವೋ ನೋಡಿ. ಬಿ ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ, ಮಾರಾಟಕ್ಕಲ್ಲ. ಸರ್ವೆ ನಂಬರು ಒಂದೇ ಆಗಿದ್ದರೂ ಚಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿ) ಟಿಪ್ಪಣದ (ಸರ್ವೆಯ ಅಳತೆ ನಕ್ಷೆ) ಜೊತೆ ಇಟ್ಟು ನೋಡದೆ ನಂಬಬಾರದು.

ಯಾದಗಿರಿಯ ಹಳೆಯ ಪತ್ರಗಳಲ್ಲಿ ಜಿಲ್ಲೆ ಗುಲ್ಬರ್ಗಾ ಎಂದಿರುತ್ತದೆ, ಗಾಬರಿ ಬೇಡ. ಬೀದರ್ ಜಿಲ್ಲೆಯ ಉದಗೀರ್, ನಿಲಂಗಾ 1956ರಲ್ಲಿ ಮುಂಬಯಿ ರಾಜ್ಯಕ್ಕೆ (ಈಗಿನ ಮಹಾರಾಷ್ಟ್ರ) ಹೋದವು, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ (ಈಗ ತೆಲಂಗಾಣ). ಗಡಿ ಹಳ್ಳಿಯ ಕಡತ ಇಲ್ಲಿ ಸಿಗದಿದ್ದರೆ ಆ ತಹಸೀಲುಗಳಲ್ಲೂ ಅರ್ಜಿ ಹಾಕಿ.