ಟೇಪ್‌ಗೆ ಹೋಗಬೇಕಿದ್ದ ಬ್ಯಾಕಪ್ ಮೆಮೊರಿಯಲ್ಲಿ ಕೂತಿತ್ತು

64 ಜಿಬಿ ಮೆಮೊರಿಯ ಲಿನಕ್ಸ್ ಸರ್ವರ್. ಬೆಳಗ್ಗೆ ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರಾಸೆಸ್ ಕೊಲ್ಲುವ ಕರ್ನಲ್ ವ್ಯವಸ್ಥೆ) ಡೇಟಾಬೇಸನ್ನೇ ಬಲಿ ಹಾಕಿತ್ತು. ಪ್ರಾಸೆಸ್‌ಗಳ ಪಟ್ಟಿ ಕೊಡುವ ಟಾಪ್‌ನಲ್ಲಿ ನೋಡಿದರೆ ಅಷ್ಟು ತಿಂದ ಪ್ರಾಸೆಸ್ಸೇ ಇಲ್ಲ. ಎಂದಿನಂತೆ ಜಾವಾ ಆ್ಯಪ್ ಮೇಲೆ ಅನುಮಾನ. ಅದನ್ನು ಎರಡು ಸಲ ರೀಸ್ಟಾರ್ಟ್ ಮಾಡಿದ್ದೂ ದಂಡ. ಸುಳಿವು ಕಣ್ಣೆದುರೇ ಇತ್ತು: ಮೆಮೊರಿ ಲೆಕ್ಕ ತೋರಿಸುವ ಫ್ರೀ ಕಮಾಂಡ್‌ನ ಶೇರ್ಡ್ ಕಾಲಂನಲ್ಲಿ 21 ಜಿಬಿ. ಯಾವ ಪ್ರಾಸೆಸ್‌ನ ಲೆಕ್ಕಕ್ಕೂ ಸಿಗದ ಶೇರ್ಡ್ ಮೆಮೊರಿ ಕಂಡರೆ ಮೊದಲು ಟಿಎಂಪಿಎಫ್‌ಎಸ್ (ಮೆಮೊರಿಯಲ್ಲೇ ಫೈಲ್ ಇಡುವ ಫೈಲ್‌ಸಿಸ್ಟಂ) ಕಡೆ ನೋಡಬೇಕು. ಜಾಗದ ಲೆಕ್ಕ ಕೊಡುವ ಡಿಎಫ್ ಹೊಡೆದಾಗ, ಡಿವೈಸ್‌ಗಳ ಹೆಸರಷ್ಟೇ ಇರಬೇಕಾದ /ಡೆವ್‌ನ 32 ಜಿಬಿಯಲ್ಲಿ 21 ಭರ್ತಿ! ಅಲ್ಲಿ ಸೊನ್ನೆ ಇರಬೇಕು.

ತಪ್ಪಿತಸ್ಥ /ಡೆವ್/ಎನ್‌ಎಸ್‌ಟಿ0, ಬ್ಯಾಕಪ್ ಬರೆಯುವ ಟೇಪ್ ಡ್ರೈವ್‌ನ ಹೆಸರು. ಎಲ್‌ಎಸ್ -ಎಲ್ ಸಾಲಿನ ಮೊದಲ ಅಕ್ಷರ 'ಸಿ' (ಕ್ಯಾರೆಕ್ಟರ್ ಡಿವೈಸ್, ಟೇಪ್ ಆ ಬಗೆಯದು) ಇರಬೇಕಿತ್ತು, ಗಾತ್ರದ ಜಾಗದಲ್ಲಿ '9, 128'. 9 ಮೇಜರ್ ನಂಬರ್, ಅಂದರೆ ಟೇಪ್ ಡ್ರೈವರ್. 128 ಮೈನರ್, ಅಂದರೆ ಮೊದಲ ಡ್ರೈವ್, ರಿವೈಂಡ್ ಆಗದ ಬಗೆ. ಇದ್ದದ್ದು ಬರೀ '-', ಜೊತೆಗೆ ಬೈಟ್‌ಗಳ ಲೆಕ್ಕ. ಮಾಮೂಲಿ ಫೈಲ್.

ರ‍್ಯಾಕ್ ಕೆಲಸದಲ್ಲಿ ಕೇಬಲ್ ಸಡಿಲವಾಗಿ, ರೀಬೂಟ್ ಆದಾಗ ಡ್ರೈವ್ ಕಾಣಲಿಲ್ಲ, /ಡೆವ್‌ನಲ್ಲಿ ಅದರ ಹೆಸರು, ಅಂದರೆ ನೋಡ್, ಹುಟ್ಟಲಿಲ್ಲ. ರೂಟ್ ಆಗಿ ಓಡುವ ಬ್ಯಾಕಪ್ ಕಮಾಂಡ್ ಟಾರ್‌ಗೆ ಅದೆಲ್ಲ ಏನು ಗೊತ್ತು? ಹೆಸರಿಲ್ಲದಿದ್ದರೆ ಹೊಸ ಫೈಲ್ ಮಾಡಿ ಬರೆಯಿತು, ಎಕ್ಸಿಟ್ ಕೋಡ್ 0, ಡ್ಯಾಶ್‌ಬೋರ್ಡ್ ಹಸಿರು. ಪ್ರತಿ ರಾತ್ರಿ ಹಿಂದಿನದನ್ನು ಅಳಿಸಿ ಅದರ ಮೇಲೇ ಬರೆದದ್ದರಿಂದ ಉಳಿದದ್ದು ಒಂದೇ ದಿನದ್ದು. 'ಇನಪ್ರೋಪ್ರಿಯೇಟ್ ಐಓಸಿಟಿಎಲ್ ಫಾರ್ ಡಿವೈಸ್' (ಇದು ಟೇಪ್‌ನ ಆಜ್ಞೆ ಕೇಳುವ ಡಿವೈಸ್ ಅಲ್ಲ) ಎಂದು ಟೇಪ್ ನಿಯಂತ್ರಿಸುವ ಕಮಾಂಡ್ ಎಂಟಿ ಎರಡನೇ ರಾತ್ರಿಯಿಂದಲೇ ಬಡಕೊಳ್ಳುತ್ತಿತ್ತು. ಸ್ಕ್ರಿಪ್ಟ್ ಅದರ ಎರರ್‌ಗಳನ್ನೆಲ್ಲ /ಡೆವ್/ನಲ್ ಎಂಬ ಕಸದ ಬುಟ್ಟಿಗೆ ತಳ್ಳಿತ್ತು.

'ರೀಬೂಟ್ ಹೊಡೆದುಬಿಡಿ' ಎಂದು ಮೇಲಿನಿಂದ ಮೂರು ಫೋನ್. ಹೊಡೆದಿದ್ದರೆ ಆ ಒಂದು ಪ್ರತಿಯೂ ಆವಿ. /ಡೆವ್‌ನ ಫೈಲ್‌ಸಿಸ್ಟಂ ಡೆವ್‌ಟಿಎಂಪಿಎಫ್‌ಎಸ್ ಇರುವುದು ಮೆಮೊರಿಯಲ್ಲೇ. ಮೊದಲು ಫೈಲನ್ನು ಡಿಸ್ಕ್‌ಗೆ ಕಾಪಿ ಮಾಡಿ, ಟಾರ್ -ಟಿಎಫ್ ಹಾಕಿ ಓದಿ ನೋಡಿ, ಆಮೇಲೆ ಅಳಿಸಿದ್ದು. ಕೇಬಲ್ ಒತ್ತುವ ಮುನ್ನವೇ ಅಳಿಸಬೇಕು. ಆ ಹೆಸರಲ್ಲಿ ಫೈಲ್ ಕೂತಿದ್ದರೆ ಡ್ರೈವ್ ಮರಳಿದರೂ ನೋಡ್‌ಗೆ ಜಾಗವಿಲ್ಲ.

ಈಗ ಸ್ಕ್ರಿಪ್ಟ್‌ನ ಮೊದಲ ಸಾಲು -ಸಿ ಪರೀಕ್ಷೆ: ಕ್ಯಾರೆಕ್ಟರ್ ಡಿವೈಸ್ ಅಲ್ಲದಿದ್ದರೆ ಅಲ್ಲೇ ನಿಲ್ಲು. ಡಿಸ್ಕ್ ಆಗಿದ್ದರೆ -ಬಿ (ಬ್ಲಾಕ್ ಡಿವೈಸ್). ರಿವ್ಯೂನಲ್ಲಿ ಒಬ್ಬರು '-ಇ ಸಾಕಲ್ಲ' ಎಂದರು. ಅದು ಆ ಹೆಸರು ಇದೆಯೇ ಎಂದಷ್ಟೇ ನೋಡುತ್ತದೆ. ಎರಡನೇ ರಾತ್ರಿ ಆ ಫೈಲ್ ಅಲ್ಲೇ ಇತ್ತಲ್ಲ ಸ್ವಾಮಿ, -ಇ ಖುಷಿಯಾಗಿ ಹೂಂ ಎನ್ನುತ್ತಿತ್ತು.