ಸೊನ್ನೆ, ಸೊನ್ನೆ, ಹದಿನಾರು

ಗೆಳೆಯ ಕಳಿಸಿದ ಲಾಗ್ (ಪ್ರೋಗ್ರಾಂ ಬರೆದಿಟ್ಟ ದಾಖಲೆ) ನೋಡಿ ನಗು ಬಂತು. ಒಂದೇ ಫಂಕ್ಷನ್, ಒಂದೇ ಕೆಲಸ. ಹಿಡಿದ ಸಮಯ ಮಾತ್ರ 0, 0, 0, 16, 0, 15 ಮಿಲಿಸೆಕೆಂಡ್. ಒಂದು 3 ಇಲ್ಲ, ಒಂದು 7 ಇಲ್ಲ.

"ಆಗಾಗ ಡಿಸ್ಕ್ ಕೈಕೊಡ್ತಿದೆ ಕಣೋ" ಅಂದ. ನನಗೆ ಅನುಮಾನ ಗಡಿಯಾರದ ಮೇಲೆ. ಲೂಪ್ ಒಳಗೆ ಬೇರೇನೂ ಮಾಡದೆ ಸುಮ್ನೆ ಸಮಯ ಕೇಳುತ್ತಾ ಹೋಗು, ಬದಲಾದಾಗ ಮಾತ್ರ ಪ್ರಿಂಟ್ ಮಾಡು ಅಂದೆ. ಸಾವಿರಾರು ಸಲ ಕೇಳಿದರೂ ಅದೇ ಉತ್ತರ. ಆಮೇಲೆ ಒಮ್ಮೆಲೇ 15.6 ಮಿಲಿಸೆಕೆಂಡ್ ಜಿಗಿತ. ಮತ್ತೆ ಅಲ್ಲೇ ನಿಂತಿತು.

ವಿಂಡೋಸ್‌ನ ಮಾಮೂಲಿ ಸಿಸ್ಟಂ ಸಮಯ ಟೈಮರ್ ಇಂಟರಪ್ಟ್ (ಹಾರ್ಡ್‌ವೇರ್ ಗಡಿಯಾರ ಆಗಾಗ ಕಳಿಸುವ ಸಂಕೇತ) ಬಂದಾಗಷ್ಟೇ ಮುಂದೆ ಸರಿಯುತ್ತದೆ. ಅದು ಸಾಮಾನ್ಯವಾಗಿ ಸೆಕೆಂಡಿಗೆ 64 ಸಲ. ಎರಡು ಜಿಗಿತಗಳ ನಡುವೆ ಕೆಲಸ ಮುಗಿದರೆ 0, ಕೆಲಸದ ಮಧ್ಯೆ ಜಿಗಿತ ಬಂದರೆ 15 ಅಥವಾ 16. ಮಜಾ ಅಂದರೆ, ಉತ್ತರ ಬರುವುದು 100 ನ್ಯಾನೋಸೆಕೆಂಡಿನ ಲೆಕ್ಕದಲ್ಲಿ! ಅಷ್ಟುದ್ದದ ಅಂಕಿ ನೋಡಿದರೆ ಯಾರಾದರೂ ನಂಬುತ್ತಾರೆ, ಅಲ್ವಾ? ಪಾಪ, ಡಿಸ್ಕ್‌ಗೆ ಸುಮ್ಮನೆ ಕೆಟ್ಟ ಹೆಸರು.

ಅವಧಿ ಅಳೆಯಲೆಂದೇ ವಿಂಡೋಸ್‌ನಲ್ಲಿರುವ, ಸಣ್ಣ ಸಣ್ಣ ಟಿಕ್‌ಗಳನ್ನು ಎಣಿಸುವ ಕ್ವೆರಿಪರ್ಫಾರ್ಮೆನ್ಸ್‌ಕೌಂಟರ್‌ಗೆ ಬದಲಾಯಿಸಿದೆವು. ಅದರ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಟಿಕ್) ಕೇಳಿದರೆ ಆ ಮಷೀನ್‌ನಲ್ಲಿ 1,00,00,000 ಬಂತು. ಅಂದರೆ ಒಂದು ಟಿಕ್‌ಗೆ 100 ನ್ಯಾನೋಸೆಕೆಂಡ್. ಕೊನೆಯ ಎಣಿಕೆಯಿಂದ ಮೊದಲಿನದು ಕಳೆದು ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ಸೆಕೆಂಡು ಸಿಗುತ್ತದೆ. ಫಂಕ್ಷನ್‌ಗೆ ನಿಜವಾಗಿ ಹಿಡಿಯುತ್ತಿದ್ದದ್ದು ಮೈಕ್ರೋಸೆಕೆಂಡುಗಳ ಲೆಕ್ಕ.

ಆದರೆ ಈ ಕೌಂಟರ್‌ಗೆ ಇವತ್ತಿನ ತಾರೀಖು ಗೊತ್ತಿಲ್ಲ. ಲಾಗ್‌ನಲ್ಲಿ ತಾರೀಖು ಸಮೇತ ನಿಖರ ಸಮಯ ಬೇಕಿದ್ದರೆ, ವಿಂಡೋಸ್ 8ರಿಂದ ಗೆಟ್‌ಸಿಸ್ಟಂಟೈಮ್‌ಪ್ರಿಸೈಸ್‌ಆ್ಯಸ್‌ಫೈಲ್‌ಟೈಮ್ ಇದೆ. ಹೆಸರಿಟ್ಟವರಿಗೆ ಟೈಪ್ ಮಾಡುವವರ ಕಷ್ಟ ಗೊತ್ತಿರಲಿಕ್ಕಿಲ್ಲ. ಅವಧಿ ಅಳೆಯಲು ಮಾತ್ರ ಅದೂ ಬೇಡ ಅಂದೆ. ನೆಟ್‌ವರ್ಕ್ ಮೂಲಕ ಗಡಿಯಾರ ಸರಿಪಡಿಸುವಾಗ ತಾರೀಖಿನ ಸಮಯ ಹಿಂದಕ್ಕೂ ಹೋಗಬಹುದು. ಆಗ ಮುಗಿದ ಹೊತ್ತು ಶುರುವಾದ ಹೊತ್ತಿಗಿಂತ ಮೊದಲಾಗಿ, ಅವಧಿ ಮೈನಸ್ ಬರುತ್ತದೆ. ಲಿನಕ್ಸ್‌ನಲ್ಲೂ ಇದೇ ಕಾರಣಕ್ಕೆ ತಾರೀಖಿನ ಸಮಯ ಹೇಳುವ ರಿಯಲ್‌ಟೈಮ್ ಬಿಟ್ಟು, ಹಿಂದಕ್ಕೆ ಹೋಗದ ಮೊನೊಟಾನಿಕ್ ಕ್ಲಾಕ್ ಬಳಸುವುದು.

ಅವನಿಗೆ ಆಸೆ ಜಾಸ್ತಿಯಾಯಿತು. ಮೂರು ಸಾಲಿನ ಇನ್ನೊಂದು ಫಂಕ್ಷನ್ ಅಳೆಯಲು ಹೊರಟ. ಅದು ಒಂದು ಟಿಕ್ ಕಳೆಯುವಷ್ಟರಲ್ಲೇ ಮುಗಿಯುತ್ತದೆ. ಜೊತೆಗೆ ಸಮಯ ಕೇಳುವುದಕ್ಕೂ ಒಂದಿಷ್ಟು ಸಮಯ ಬೇಕಲ್ಲ. ಹತ್ತು ಲಕ್ಷ ಸಲ ಓಡಿಸಿ ಭಾಗಿಸು ಅಂದೆ. ಓಡಿಸಿದ. ನಂಬಲಾಗದಷ್ಟು ಕಡಿಮೆ ಬಂತು. ಫಂಕ್ಷನ್ ಕೊಡುವ ಉತ್ತರವನ್ನು ಯಾರೂ ಬಳಸುತ್ತಿಲ್ಲ ಅಂತ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಇಡೀ ಲೂಪನ್ನೇ ಕಿತ್ತುಹಾಕಿತ್ತು. ಉತ್ತರಗಳನ್ನು ಕೂಡಿಸಿ ಕೊನೆಯಲ್ಲಿ ಮೊತ್ತ ಪ್ರಿಂಟ್ ಮಾಡಿಸಿದ ಮೇಲೆ ನಂಬುವಂಥ ಅಂಕಿ ಸಿಕ್ಕಿತು.